ತಲೆಮರೆಸಿಕೊಂಡ ನ್ಯಾಯಮೂರ್ತಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜೇಮ್ಸ್ ವಿಲ್ಸನ್ ಅವರಿಗೆ,
ನ್ಯಾಯಮೂರ್ತಿಗಳು, ಅಮೆರಿಕದ ಸುಪ್ರೀಂ ಕೋರ್ಟು (1789ರಿಂದ 1798),
ಹಾಲಿ ವಾಸ: ಕ್ರೈಸ್ಟ್ ಚರ್ಚಿನ ಅಂಗಳ, ಫಿಲಡೆಲ್ಫಿಯಾ.

ಸ್ವಾಮೀ,

ಮೊದಲು ಕ್ಷಮೆ ಕೇಳಿಬಿಡುತ್ತೇನೆ. ನಿಮ್ಮಂಥವರಿಗೆ ಬಹಿರಂಗ ಪತ್ರ ಬರೆಯುವುದು ಮರ್ಯಾದೆಯ ಕೆಲಸವಲ್ಲ. ಬದುಕಿನ ಕೊನೆಯ ದಿನಗಳಲ್ಲಿ ನೀವು ಹೆದರುತ್ತಿದ್ದದ್ದೇ ಬಹಿರಂಗವಾಗುವುದಕ್ಕೆ. ಬಾಗಿಲು ಬಡಿದರೆ ಅಮೀನ, ಟಪ್ಪಾಲು ಬಂದರೆ ವಾರಂಟು. ಅಂಥವರ ವಿಳಾಸವನ್ನು ಹೀಗೆ ಹಾಡಹಗಲೇ ಬರೆದುಬಿಟ್ಟೆನಲ್ಲ ಎಂದು ಗಾಬರಿಯಾಗಬೇಡಿ. ನಾನು ಮುಫಸಿಲ್ ಕೋರ್ಟೊಂದರಲ್ಲಿ ಮೂವತ್ತು ವರ್ಷ ಹಣ ವಸೂಲಿ ದಾವೆಗಳಲ್ಲೇ ತಲೆ ನರೆಸಿಕೊಂಡ ವಕೀಲ. ನಮ್ಮಲ್ಲಿ ಪ್ರಾಮಿಸರಿ ನೋಟಿಗೆ ಮೂರು ವರ್ಷದ ಕಾಲಮಿತಿ. ಆ ಲೆಕ್ಕದಲ್ಲಿ ನಿಮ್ಮ ನೋಟುಗಳೆಲ್ಲ ಸತ್ತು ಇನ್ನೂರು ವರ್ಷ ದಾಟಿದೆ. ಇದು ಲಾಯರ್ ನೋಟಿಸಲ್ಲ, ನಿಶ್ಚಿಂತೆಯಿಂದ ಓದಿ.

ಸಾಲಗಾರರನ್ನು ನಾನು ಕಂಡಷ್ಟು ಬೇರೆಯವರು ಕಂಡಿರಲಾರರು. ಮದುವೆಗೆ ಮಾಡಿದವರು, ಬೋರ್‌ವೆಲ್‌ಗೆ ಮಾಡಿದವರು, ಸಹಿಯೇ ನನ್ನದಲ್ಲ ಎನ್ನುವವರು, ಸಹಿ ನನ್ನದೇ ಆದರೆ ಹಾಳೆ ಖಾಲಿಯಿತ್ತು ಎನ್ನುವವರು. ಆದರೆ ದೇಶದ ಅತ್ಯುನ್ನತ ನ್ಯಾಯಪೀಠದ ಕುರ್ಚಿಯನ್ನು ಬಿಟ್ಟುಕೊಡದೆ, ಸಂಬಳದ ಪಟ್ಟಿಯಲ್ಲಿ ಹೆಸರಿರುವಾಗಲೇ, ಸಾಲದ ಕೇಸಿನಲ್ಲಿ ಎರಡೆರಡು ಊರಿನ ಜೈಲು ಕಂಡು ಬಂದವರು ನೀವೊಬ್ಬರೇ. ಈ ವೃತ್ತಿಯಲ್ಲಿರುವವನು ನಿಮಗೊಂದು ಕಾಗದ ಹಾಕದಿದ್ದರೆ ಹೇಗೆ?

ನಿಮ್ಮ ಪೂರ್ವೋತ್ತರವನ್ನು ನಿಮಗೇ ಒಪ್ಪಿಸುವುದು ಬೇಡ. ಸ್ಕಾಟ್ಲೆಂಡಿನ ಫೈಫ್ ಸೀಮೆಯ ಒಕ್ಕಲು ಮನೆಯಲ್ಲಿ 1742ರಲ್ಲಿ ಹುಟ್ಟಿದಿರಿ. ಹುಡುಗ ಪಾದ್ರಿಯಾಗಲಿ ಎಂದು ಸೇಂಟ್ ಆಂಡ್ರ್ಯೂಸ್‌ಗೆ ಓದಲು ಹಾಕಿದರು. ನೀವು 1765ರಲ್ಲಿ ಹಡಗು ಹತ್ತಿ ಫಿಲಡೆಲ್ಫಿಯಾಕ್ಕೆ ಬಂದಿರಿ, ಅಲ್ಲಿ ಲ್ಯಾಟಿನ್ ಮೇಷ್ಟ್ರಾದಿರಿ, ಜಾನ್ ಡಿಕಿನ್ಸನ್ ಎಂಬ ದೊಡ್ಡ ವಕೀಲರ ಕಚೇರಿಯಲ್ಲಿ ಕಾನೂನು ಕಲಿತು ರೆಡಿಂಗ್, ಕಾರ್ಲೈಲ್ ಎಂಬ ಸಣ್ಣ ಊರುಗಳಲ್ಲಿ ವಕೀಲಿ ಹೂಡಿದಿರಿ. (ನಿಮ್ಮ ಮಗ ಬರ್ಡ್ ಇದನ್ನೇ ತಿರುವು ಮುರುವು ಮಾಡಿದ: ವಕೀಲನಾಗಿ, ಜಡ್ಜಾಗಿ, ಕೊನೆಗೆ ಪಾದ್ರಿಯಾದ. ಮನೆತನದ ಒಂದು ಹಳೆಯ ಬಾಕಿಯಾದರೂ ತೀರಿತು.) ಕಾರ್ಲೈಲಿನಲ್ಲಿದ್ದಾಗಲೇ ನಿಮಗೆ ಜಮೀನಿನ ಹುಚ್ಚು ಹತ್ತಿತು. ಬೇರೆಯವರ ಜಮೀನಿನ ವ್ಯಾಜ್ಯ ನಡೆಸುತ್ತ ನಡೆಸುತ್ತ, ಸಾಲದ ದುಡ್ಡಿನಲ್ಲಿ ನೀವೂ ಕೊಳ್ಳತೊಡಗಿದಿರಿ. ಈ ರೋಗ ನಮ್ಮ ಬಾರ್ ಅಸೋಸಿಯೇಷನ್ನುಗಳಲ್ಲಿ ಇವತ್ತಿಗೂ ಇದೆ. ಅದಕ್ಕೆ ಮದ್ದು ಸಿಕ್ಕಿಲ್ಲ.

ಬ್ರಿಟಿಷ್ ಪಾರ್ಲಿಮೆಂಟಿಗೆ ವಸಾಹತುಗಳ ಮೇಲೆ ಕಾಯಿದೆ ಮಾಡುವ ಹಕ್ಕೇ ಇಲ್ಲ ಎಂದು ವಾದಿಸಿ 1774ರಲ್ಲಿ ಪುಸ್ತಿಕೆ ಅಚ್ಚು ಹಾಕಿಸಿದಿರಿ. ಎರಡು ವರ್ಷದ ಮೇಲೆ ಸ್ವಾತಂತ್ರ್ಯ ಘೋಷಣೆಗೆ ಸಹಿ, 1787ರಲ್ಲಿ ಸಂವಿಧಾನಕ್ಕೆ ಸಹಿ. ಎರಡೂ ಕಾಗದಕ್ಕೆ ಸಹಿ ಹಾಕಿದವರು ಇಡೀ ದೇಶದಲ್ಲಿ ಆರೇ ಜನ. ಆ ಆರರಲ್ಲಿ ಇಬ್ಬರು, ನೀವು ಮತ್ತು ನಿಮ್ಮ ಗೆಳೆಯ ರಾಬರ್ಟ್ ಮಾರಿಸ್, ಮುಂದೆ ಕಂಡಕಂಡ ಸಾಲದ ಕಾಗದಕ್ಕೂ ಸಹಿ ಹಾಕಿ ಜೈಲಿಗೆ ಹೋದಿರಿ.

ಜನರ ಬಗ್ಗೆ ನಿಮಗಿದ್ದ ನಂಬಿಕೆಯ ಮಾತಿಗೆ ಬರೋಣ. ಅಧಿಕಾರವೆಲ್ಲ ಜನರಿಂದ ಹುಟ್ಟುತ್ತದೆ ಎಂದು ನಿಮ್ಮಷ್ಟು ಸ್ಪಷ್ಟವಾಗಿ ಹೇಳಿದವರು ಆ ಕಾಲದಲ್ಲಿ ಕಡಿಮೆ. ಅದೇ ಜನ ನಿಮ್ಮ ಬಾಗಿಲಿಗೆ ಬಂದದ್ದು 1779ರ ಅಕ್ಟೋಬರ್ 4ರಂದು. ಯುದ್ಧದ ಕಾಲ, ಹಿಟ್ಟಿನ ಬೆಲೆ ಮುಗಿಲಿಗೇರಿತ್ತು. ಬೆಲೆ ಕಟ್ಟಿಹಾಕಬೇಕು ಎಂದು ಬಡವರು ಕೂಗಿದರೆ, ಕಟ್ಟಬಾರದು ಎನ್ನುವವರ ಪಕ್ಷದಲ್ಲಿ ನೀವಿದ್ದಿರಿ. ಸಾಲದ್ದಕ್ಕೆ ರಾಜದ್ರೋಹದ ಆರೋಪ ಹೊತ್ತ ಬ್ರಿಟಿಷ್ ಪಕ್ಷಪಾತಿಗಳ ಪರ ವಕಾಲತ್ತು ಹಾಕಿದ್ದಿರಿ. ವಕೀಲನಾಗಿ ಇದರಲ್ಲಿ ನಾನು ಪೂರ್ತಿ ನಿಮ್ಮ ಕಡೆ. ಕಕ್ಷಿದಾರ ಎಂಥವನೇ ಆಗಲಿ, ಅವನ ಪರ ನಿಲ್ಲುವವನೊಬ್ಬ ಬೇಕು. ಆದರೆ ಬಂದೂಕು ಹಿಡಿದು ಬಂದ ಸಿಪಾಯಿಗಳಿಗೆ ಈ ಸೂಕ್ಷ್ಮ ಯಾಕೆ? ಥರ್ಡ್ ಸ್ಟ್ರೀಟ್, ವಾಲ್ನಟ್ ಸ್ಟ್ರೀಟ್ ಮೂಲೆಯ ನಿಮ್ಮ ಮನೆಯೊಳಗೆ ನೀವೂ ನಿಮ್ಮ ಗೆಳೆಯರೂ ಬಾಗಿಲು ಬಿಗಿದು ಕೂತಿರಿ. ಗುಂಡು ಹಾರಿತು, ಒಳಗೂ ಹೊರಗೂ ಹೆಣ ಬಿದ್ದವು. ಜೋಸೆಫ್ ರೀಡ್ ಕುದುರೆ ಸವಾರರನ್ನು ಕರೆತಂದು ಬಿಡಿಸದಿದ್ದರೆ ಸಂವಿಧಾನ ಬರೆಯುವ ಕೈ ಅಲ್ಲೇ ತಣ್ಣಗಾಗುತ್ತಿತ್ತು. ಊರಿನವರು ಆ ಮನೆಗೆ ‘ಫೋರ್ಟ್ ವಿಲ್ಸನ್’ ಎಂದು ಹೆಸರಿಟ್ಟರು. ಗದ್ದಲ ತಣಿಯುವ ತನಕ ನೀವು ಊರು ಬಿಟ್ಟಿರಿ. ತಲೆಮರೆಸಿಕೊಳ್ಳುವ ವಿದ್ಯೆಯ ಮೊದಲ ಪಾಠ ಅದು.

ಇನ್ನೊಬ್ಬರಾಗಿದ್ದರೆ ಆ ಸಂಜೆಯಿಂದ ಜನರೆಂದರೆ ಮೂಗು ಮುರಿಯುತ್ತಿದ್ದರು. ಎಂಟು ವರ್ಷದ ಮೇಲೆ ಅದೇ ಊರಿನಲ್ಲಿ ಸಂವಿಧಾನ ಸಭೆ ಕೂತಾಗ, ಜನರಿಗೆ ನೇರ ಓಟು ಕೊಡಿ ಎಂದು ಹಟ ಹಿಡಿದವರು ನೀವೇ. ಕೆಳಮನೆಗೆ ಜನರ ಓಟು, ಮೇಲ್ಮನೆಗೂ ಜನರ ಓಟು, ಅಧ್ಯಕ್ಷರಿಗೂ ಜನರ ಓಟು. ನಿಮ್ಮದು 168 ಭಾಷಣಗಳ ಲೆಕ್ಕ. ಗವರ್ನರ್ ಮಾರಿಸ್ ಒಬ್ಬರು ಮಾತ್ರ ನಿಮಗಿಂತ ಹೆಚ್ಚು ಸಲ ಎದ್ದು ನಿಂತವರು. (ಗವರ್ನರ್ ಅನ್ನುವುದು ಆತನ ಹೆಸರು, ಹುದ್ದೆಯಲ್ಲ.) ಮುದುಕ ಫ್ರಾಂಕ್ಲಿನ್ನರಿಗೆ ನಿಂತು ಓದುವ ತ್ರಾಣವಿಲ್ಲದಾಗ ಅವರ ಭಾಷಣವನ್ನೂ ನೀವೇ ಓದಿದಿರಿ.

ಜೂನ್ 1ರ ಆ ಗಳಿಗೆ ನನಗೆ ಬಹಳ ಇಷ್ಟ. ಕಾರ್ಯಾಂಗ ಒಬ್ಬನೇ ವ್ಯಕ್ತಿಯ ಕೈಯಲ್ಲಿರಲಿ ಎಂದು ನೀವು ಸೂಚಿಸಿದಿರಿ. ಸಭೆ ಗಪ್‌ಚಿಪ್. ರಾಜನನ್ನು ಓಡಿಸಿ ಇನ್ನೂ ಬೆವರು ಆರಿಲ್ಲ, ಈ ಸ್ಕಾಟ್ಲೆಂಡಿನವ ಮತ್ತೊಬ್ಬನನ್ನು ಕೂರಿಸಲು ಹೊರಟನೇ ಎಂದು ಎಲ್ಲರಿಗೂ ಒಳಗೊಳಗೇ ಅಳುಕು. ಆ ಕುರ್ಚಿಯಲ್ಲಿ ಕೂರುವವರು ಅಲ್ಲೇ ಸಭೆಯಲ್ಲಿದ್ದರು. ವಾಷಿಂಗ್ಟನ್ನರ ಎದುರು ಈ ಮಾತೆತ್ತುವುದು ಹೇಗೆ? ಕೊನೆಗೆ ಫ್ರಾಂಕ್ಲಿನ್ನರೇ ಏನಾದರೂ ಮಾತಾಡಿ ಎಂದು ಎಬ್ಬಿಸಬೇಕಾಯಿತು. ನಾಲ್ಕನೇ ದಿನ ನಿಮ್ಮ ಸೂಚನೆ ಪಾಸಾಯಿತು. ಜನರ ನೇರ ಓಟು ಮಾತ್ರ ಯಾರಿಗೂ ರುಚಿಸಲಿಲ್ಲ. ಆಗ ರಾಜಿಗೆಂದು, ಜನ ಕೆಲವರನ್ನು ಆರಿಸಲಿ, ಆ ಕೆಲವರು ಅಧ್ಯಕ್ಷನನ್ನು ಆರಿಸಲಿ ಎಂದಿರಿ. ಅದನ್ನೂ ಅವತ್ತು ತಳ್ಳಿಹಾಕಿದರು. ಸೆಪ್ಟೆಂಬರಿನಲ್ಲಿ ಅದೇ ಬೇರೆ ವೇಷದಲ್ಲಿ ಒಳಗೆ ಬಂತು. ನೀವು ಒಲ್ಲದ ಮನಸ್ಸಿನಿಂದ ಕೊಟ್ಟ ತೇಪೆಯನ್ನು ನಿಮ್ಮ ದೇಶ ಇಂದಿಗೂ ಹೊದ್ದುಕೊಂಡಿದೆ. ಮೇಲ್ಮನೆಯ ನೇರ ಚುನಾವಣೆಗಾದರೋ 1913ರ ತಿದ್ದುಪಡಿಯವರೆಗೆ ಕಾಯಬೇಕಾಯಿತು.

ರಾಜಿಯ ಮಾತು ಬಂತಲ್ಲ. ಗುಲಾಮರನ್ನು ಐದರಲ್ಲಿ ಮೂರು ಪಾಲಿನ ಲೆಕ್ಕ ಹಿಡಿಯಬೇಕೆಂದು ಜೂನ್ 11ರಂದು ಸೂಚಿಸಿದವರೂ ತಾವೇ. ಗುಲಾಮಗಿರಿ ನಿಮಗೆ ಹಿಡಿಸುತ್ತಿರಲಿಲ್ಲ ಎನ್ನುತ್ತಾರೆ. ಹಿಡಿಸದ್ದನ್ನು ಇಷ್ಟು ಅಚ್ಚುಕಟ್ಟಾಗಿ ಭಿನ್ನರಾಶಿ ಮಾಡಿ ಕೊಡುವುದಕ್ಕೆ ವಕೀಲನೇ ಬೇಕು. ಜನ, ಜನ ಎಂದು ದಿನಕ್ಕೆ ಹತ್ತು ಸಲ ಎದ್ದು ನಿಲ್ಲುತ್ತಿದ್ದ ಬಾಯಲ್ಲಿ ಐದನೇ ಮೂರು ಎಂಬ ಮಾತು ಬಂದಾಗ ನಾಲಿಗೆ ತೊಡರಲಿಲ್ಲವೇ ಎಂಬ ಪ್ರಶ್ನೆಯನ್ನು ನಾನು ಪಾಟೀಸವಾಲಿನಲ್ಲಿ ಖಂಡಿತ ಕೇಳುತ್ತಿದ್ದೆ.

ಆ ಆಗಸ್ಟ್ 28ರ ಕಲಾಪವೂ ನಿಮಗೆ ನೆನಪಿರಬೇಕು. ದಕ್ಷಿಣ ಕ್ಯಾರೊಲಿನಾದ ಪಿಯರ್ಸ್ ಬಟ್ಲರ್ ಮತ್ತು ಪಿಂಕ್ನಿ ಎದ್ದು, ತಪ್ಪಿಸಿಕೊಂಡು ಓಡಿಹೋದ ಗುಲಾಮರನ್ನು ಅಪರಾಧಿಗಳಂತೆ ಹಿಡಿದು ಒಪ್ಪಿಸಬೇಕು ಎಂದರು. ನೀವು ಆಕ್ಷೇಪಿಸಿದಿರಿ. ಏನೆಂದು? ಮನುಷ್ಯರನ್ನು ಹೀಗೆ ಬೇಟೆಯಾಡುವುದು ಅನ್ಯಾಯವೆಂದೇ? ಇಲ್ಲ, ಹಿಡಿದು ಒಪ್ಪಿಸುವ ಖರ್ಚು ಸರ್ಕಾರದ ಬೊಕ್ಕಸದ ಮೇಲೆ ಬೀಳುತ್ತದಲ್ಲ ಎಂದು. ಬಟ್ಲರ್ ಅವತ್ತು ಹಿಂದೆ ಸರಿದು, ಮರುದಿನ ಮಾತು ತಿದ್ದಿಕೊಂಡು ಬಂದು ಕಲಮನ್ನು ಸೇರಿಸಿಯೇ ಬಿಟ್ಟರು. ಈ ಬಟ್ಲರ್ ಹೆಸರನ್ನು ಓದುಗರು ಸ್ವಲ್ಪ ನೆನಪಿಟ್ಟುಕೊಳ್ಳಲಿ. ನೀವಂತೂ ಮರೆತಿರಲಾರಿರಿ.

ಎಲ್ಲಿಯ ಫಿಲಡೆಲ್ಫಿಯಾ, ಎಲ್ಲಿಯ ನಮ್ಮ ತಾಲ್ಲೂಕು ಕೋರ್ಟು, ನಿನಗೇಕೆ ಇದೆಲ್ಲ ಎಂದು ನೀವು ಕೇಳಬಹುದು. ಸಣ್ಣದೊಂದು ನಂಟಿದೆ. ಸಂವಿಧಾನದ ಕರಡು ಬರೆಯುವ ಸಮಿತಿಯಲ್ಲಿ ಕೂತು ‘ಜನರಾದ ನಾವು’ ಎಂಬರ್ಥದ ಮಾತನ್ನು ನಿಮ್ಮ ಕೈಬರಹದಲ್ಲಿ ಕಾಗದಕ್ಕಿಳಿಸಿದಿರಲ್ಲ, ಆ ಮಾತಿನ ದನಿ ನಮ್ಮ ಪೀಠಿಕೆಯಲ್ಲೂ ಕೇಳಿಸುತ್ತದೆ. ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾಯರು, ಸಂವಿಧಾನ ಸಭೆಯ ಸಲಹೆಗಾರರಾಗಿ 1947ರ ಕೊನೆಗೆ ನಿಮ್ಮ ದೇಶಕ್ಕೆ ಹೋಗಿ ನಿಮ್ಮದೇ ಕೋರ್ಟಿನ ನ್ಯಾಯಮೂರ್ತಿ ಫ್ರಾಂಕ್‌ಫರ್ಟರ್ ಜೊತೆ ಚರ್ಚಿಸಿ ಬಂದರು. ನಿಮ್ಮ ಸಂವಿಧಾನದ ‘ಡ್ಯೂ ಪ್ರೋಸೆಸ್’ ಮಾತನ್ನು ನಮ್ಮ ಕರಡಿನಿಂದ ಕೈಬಿಟ್ಟದ್ದರ ಹಿಂದೆ ಆ ಮಾತುಕತೆಯಿದೆ. ಹಾಗಾಗಿ ನಿಮ್ಮ ಅಂಗಡಿಯ ಹಳೆಯ ಗಿರಾಕಿಗಳು ನಾವು. ಏನು ಕೊಂಡೆವು, ಏನು ಬಿಟ್ಟೆವು ಎಂಬ ಪಟ್ಟಿ ಬೇರೆ.

ಸಂವಿಧಾನ ಮುಗಿಯಿತು. ನಾಗರಿಕ ಹಕ್ಕುಗಳ ಪಟ್ಟಿ ಯಾಕಿಲ್ಲ ಎಂದು ಜನ ಕೇಳಿದರೆ, ಬೇಕಾಗೇ ಇಲ್ಲ ಎಂದು ಅಕ್ಟೋಬರ್ 6ರಂದು ಭಾಷಣ ಮಾಡಿದಿರಿ. ಪೆನ್ಸಿಲ್ವೇನಿಯಾ 46ಕ್ಕೆ 23 ಮತಗಳಿಂದ ಒಪ್ಪಿತು. ನೀವು ಹಿಂದೆ ವಕೀಲಿ ನಡೆಸಿದ್ದ ಕಾರ್ಲೈಲಿನಲ್ಲಿ ಅದೇ ಡಿಸೆಂಬರಿನಲ್ಲಿ ನಿಮ್ಮ ಗೊಂಬೆ ಮಾಡಿ ಸುಟ್ಟರು. ಜನರಿಗೂ ನಿಮಗೂ ಇದ್ದ ಪ್ರೀತಿ ಯಾವಾಗಲೂ ಒಂದೇ ಕಡೆಯಿಂದ.

ಇನ್ನು ಉದ್ಯೋಗ. 1789ರ ಏಪ್ರಿಲ್‌ನಲ್ಲಿ ವಾಷಿಂಗ್ಟನ್ನರಿಗೆ ಕಾಗದ ಬರೆದು, ಮುಖ್ಯ ನ್ಯಾಯಮೂರ್ತಿ ಹುದ್ದೆ ನನಗೆ ಕೊಡಿ ಎಂದು ಬಾಯಿಬಿಟ್ಟು ಕೇಳಿದಿರಿ. ನಮ್ಮಲ್ಲಿ ಇಂಥದ್ದನ್ನು ಯಾರೂ ಬರೆದು ಕೇಳುವುದಿಲ್ಲ. ಅವರು ಅದನ್ನು ಜಾನ್ ಜೇಗೆ ಕೊಟ್ಟು ನಿಮಗೆ ಪಕ್ಕದ ಕುರ್ಚಿ ಕೊಟ್ಟರು. ವರ್ಷಕ್ಕೆ 3,500 ಡಾಲರ್ ಸಂಬಳ. ಮರುವರ್ಷ ಡಿಸೆಂಬರ್ 15ರಂದು ಫಿಲಡೆಲ್ಫಿಯಾ ಕಾಲೇಜಿನಲ್ಲಿ ಕಾನೂನು ಉಪನ್ಯಾಸ ಶುರು ಮಾಡಿದಾಗ ಕೇಳಲು ಬಂದು ಕೂತವರಲ್ಲಿ ಅಧ್ಯಕ್ಷರೂ ಇದ್ದರು, ಉಪಾಧ್ಯಕ್ಷರೂ ಇದ್ದರು. ಉಪನ್ಯಾಸಮಾಲೆಯನ್ನು ನೀವು ಪೂರ್ತಿ ಮಾಡಲಿಲ್ಲ. ಅಷ್ಟು ಹೊತ್ತಿಗೆ ನಕ್ಷೆಗಳು ಕರೆಯುತ್ತಿದ್ದವು.

1793ರ ಚಿಷಮ್ ವಿರುದ್ಧ ಜಾರ್ಜಿಯಾ ಪ್ರಕರಣದ ತೀರ್ಪನ್ನು ನಾನು ಎರಡು ಸಲ ಓದಿದ್ದೇನೆ. ಒಮ್ಮೆ ಗೌರವದಿಂದ, ಒಮ್ಮೆ ನಗು ತಡೆಯಲಾರದೆ. ಅದು ಮೂಲದಲ್ಲಿ ನಮ್ಮ ಥರದ್ದೇ ವಸೂಲಿ ದಾವೆ. ಯುದ್ಧಕಾಲದಲ್ಲಿ ಜಾರ್ಜಿಯಾ ರಾಜ್ಯ ಒಬ್ಬ ವ್ಯಾಪಾರಿಯಿಂದ ಸರಕು ತೆಗೆದುಕೊಂಡು ದುಡ್ಡು ಕೊಟ್ಟಿಲ್ಲ. ಸತ್ತ ವ್ಯಾಪಾರಿಯ ಪರ ಚಿಷಮ್ ಕೋರ್ಟಿಗೆ ಬಂದ. ನಾನು ಸಾರ್ವಭೌಮ, ನನ್ನನ್ನು ಯಾರೂ ಕೋರ್ಟಿಗೆಳೆಯುವಂತಿಲ್ಲ ಎಂದು ಜಾರ್ಜಿಯಾ ವಕೀಲರನ್ನೇ ಕಳಿಸಲಿಲ್ಲ. ನೀವು ಗುಡುಗಿದಿರಿ: ರಾಜ್ಯವೆಂದರೆ ಮನುಷ್ಯರು ಸೇರಿ ಮಾಡಿಕೊಂಡದ್ದು, ಒಬ್ಬ ಮನುಷ್ಯ ಮಾತು ಕೊಟ್ಟರೆ ಹೇಗೆ ಉತ್ತರದಾಯಿಯೋ ಮನುಷ್ಯರ ಗುಂಪೂ ಹಾಗೆಯೇ. ಎಂಥ ಮಾತು! ಸಾಲ ಮಾಡಿದ ಮೇಲೆ ರಾಜ್ಯವೇ ಆಗಲಿ ಬಾಗಿಲ ಹಿಂದೆ ಅಡಗಿ ಕೂರುವಂತಿಲ್ಲ ಎಂದ ನ್ಯಾಯಮೂರ್ತಿ, ಇನ್ನು ನಾಲ್ಕೇ ವರ್ಷದಲ್ಲಿ ಬಾಗಿಲ ಹಿಂದೆ ಅಡಗಿದರು. ಆ ತೀರ್ಪು ಜಾರಿ ಮಾಡಲು ಬಂದವರನ್ನು ನೇಣಿಗೆ ಹಾಕುತ್ತೇವೆ ಎಂದು ಜಾರ್ಜಿಯಾದ ಕೆಳಮನೆ ಮಸೂದೆ ಪಾಸು ಮಾಡಿತು. 1795ರ ಫೆಬ್ರುವರಿಯಲ್ಲಿ ಹನ್ನೊಂದನೇ ತಿದ್ದುಪಡಿ ಬಂದು ನಿಮ್ಮ ತೀರ್ಪನ್ನು ಒರೆಸಿಹಾಕಿತು. ಅದಕ್ಕೆ ಒಂದು ತಿಂಗಳ ಹಿಂದೆ, ಅದೇ ಜಾರ್ಜಿಯಾ ಯಾಜೂ ಪ್ರದೇಶದ ಸುಮಾರು 3.5 ಕೋಟಿ ಎಕರೆಯನ್ನು ಐದು ಲಕ್ಷ ಡಾಲರಿಗೆ ಮಾರಿತು. ಓಟು ಹಾಕಿದ ಶಾಸಕರಿಗೂ ಅದರಲ್ಲಿ ಪಾಲು. ಕೊಂಡವರ ಪಟ್ಟಿಯಲ್ಲಿ ತಮ್ಮ ಹೆಸರೂ ಇದೆ ಸ್ವಾಮೀ. ಬಾಕಿ ತೀರಿಸದ ಸಾಲಗಾರನ ಹತ್ತಿರವೇ ಮಾಲು ಕೊಳ್ಳಲು ಹೋಗುವ ಧೈರ್ಯ ನನ್ನ ಕಕ್ಷಿದಾರರಲ್ಲಿ ಒಬ್ಬರಿಗೂ ಇಲ್ಲ. ಮರುವರ್ಷ ಹೊಸ ಶಾಸನಸಭೆ ಆ ಮಾರಾಟವನ್ನು ರದ್ದುಮಾಡಿ ಕಾಗದಗಳನ್ನು ಬಹಿರಂಗವಾಗಿ ಸುಟ್ಟಿತು.

ನಿಮ್ಮನ್ನು ದುರಾಸೆಯ ಮನುಷ್ಯ ಎಂದು ತಳ್ಳಿಹಾಕುವವರಿದ್ದಾರೆ. ನಾನು ಒಪ್ಪುವುದಿಲ್ಲ. ಅಮೆರಿಕದ ಜಮೀನು ಹೇಗೆ ಬೆಳೆಯಬೇಕೆಂದು ನೀವು ಬರೆದ ಯೋಜನೆಯೊಂದಿದೆ: ಯುರೋಪಿನ ದುಡ್ಡು ಬರಲಿ, ಯುರೋಪಿನ ಜನ ಬರಲಿ, ಕಾಡಿನಲ್ಲಿ ಊರು ಏಳಲಿ. ಆ ಕಾಡಿನಲ್ಲಿ ಆಗಲೇ ಬಾಳುತ್ತಿದ್ದವರ ವಿಚಾರ ನಿಮ್ಮ ಲೆಕ್ಕದ ಪುಸ್ತಕದಲ್ಲಿ ಹೆಚ್ಚು ಜಾಗ ಹಿಡಿದಿಲ್ಲ. ಅದಿರಲಿ, ಸಂವಿಧಾನ ಸಭೆಯಲ್ಲಿ ನೀವು ಆಡಿದ್ದೂ ಇದೇ ಮಾತು. ಇನ್ನೂ ಹುಟ್ಟದ, ಇನ್ನೂ ಹಡಗು ಹತ್ತದ ಜನರನ್ನು ನಂಬಿ ಸರ್ಕಾರ ಕಟ್ಟಿದಿರಿ. ಅದೇ ಜನರನ್ನು ನಂಬಿ ಎಕರೆ ಕೊಂಡಿರಿ. ಎರಡು ಕಡೆಯೂ ಒಂದೇ ಭರವಸೆಯ ಮೇಲೆ ಎತ್ತಿದ ಸಾಲ. ಜನ ಬಂದರು, ಲಕ್ಷಗಟ್ಟಲೆ ಬಂದರು, ನಿಮ್ಮ ಅಂದಾಜು ಎಲ್ಲೂ ಸುಳ್ಳಾಗಲಿಲ್ಲ. ಸಂವಿಧಾನದ ಕಾಗದಕ್ಕೆ ವಾಯಿದೆಯ ತಾರೀಖು ಇರಲಿಲ್ಲ, ಅದು ಉಳಿಯಿತು. ಬ್ಯಾಂಕಿನ ಕಾಗದಕ್ಕೆ ಇತ್ತು.

1796ರ ಸುಮಾರಿಗೆ ಯುರೋಪಿನ ಯುದ್ಧ, ಹಣದ ಮುಗ್ಗಟ್ಟು, ಎಲ್ಲ ಒಟ್ಟಿಗೆ ಬಂದು ಜಮೀನಿನ ಬೆಲೆ ಕುಸಿಯಿತು. ಮರುವರ್ಷ ನ್ಯೂಜೆರ್ಸಿಯ ಬರ್ಲಿಂಗ್ಟನ್ನಿನಲ್ಲಿ ಹಿಡಿದು ಹಾಕಿದರು. ಮಗ ಬರ್ಡ್ ಓಡಾಡಿ ಬಿಡಿಸಿಕೊಂಡ. ಅಲ್ಲಿಂದ ಉತ್ತರ ಕ್ಯಾರೊಲಿನಾದ ಈಡೆಂಟನ್‌ಗೆ ಓಡಿದಿರಿ. ಊರೂರು ತಿರುಗಿ ಕೋರ್ಟು ನಡೆಸುವ ಸರ್ಕ್ಯೂಟಿನ ಕೆಲಸಕ್ಕೆ ಬಂದವರೆಂದು ಜನ ತಿಳಿದರೆ ತಿಳಿಯಲಿ. ಅಲ್ಲಿಗೂ ವಾರಂಟು ಬಂತು. ಕಳಿಸಿದವರು ಯಾರು? ಪಿಯರ್ಸ್ ಬಟ್ಲರ್. ಬಾಕಿ 1,97,000 ಡಾಲರ್. ನಿಮ್ಮ ಸಂಬಳದಲ್ಲಿ ಒಂದು ಕಾಸು ಖರ್ಚು ಮಾಡದೆ ಕಟ್ಟಿದರೂ 56 ವರ್ಷ ಬೇಕಾಗುವ ಮೊತ್ತ. ಓಡಿಹೋದವರನ್ನು ಹಿಡಿದು ತರುವ ಕಲಮಿನ ಕರ್ತೃವೇ ಓಡಿಹೋದ ನಿಮ್ಮ ಬೆನ್ನು ಹತ್ತಿದ. ಖರ್ಚಿನ ಪ್ರಶ್ನೆಯನ್ನು ನೀವು ಅವತ್ತೇ ಎತ್ತಿದ್ದಿರಿ. (ನಮ್ಮ ಕಾಯಿದೆಯಲ್ಲಿ ಸಾಲಗಾರನನ್ನು ಸಿವಿಲ್ ಜೈಲಿಗೆ ಹಾಕಿಸುವವನೇ ಅವನ ಊಟದ ದುಡ್ಡು ಕಟ್ಟಬೇಕು. ಅದಕ್ಕೇ ನನ್ನ ಕಕ್ಷಿದಾರರು ಹಾಕಿಸುವುದಿಲ್ಲ.) ಆ ಕಲಮಿಗೆ ಸಿಕ್ಕಿಬಿದ್ದವರ ಓಟದ ಪಕ್ಕದಲ್ಲಿ ನಿಮ್ಮ ಓಟವನ್ನು ಇಡುವುದು ತಪ್ಪಾಗುತ್ತದೆ. ನಿಮ್ಮನ್ನು ಹಿಡಿದವರು ಬಿಟ್ಟರು.

ಬಿಟ್ಟರೂ ಮನೆಗೆ ಹೋಗುವಂತಿರಲಿಲ್ಲ. ಈಡೆಂಟನ್ನಿನ ಕೋರ್ಟಿನ ಮಗ್ಗುಲಲ್ಲೇ ಇದ್ದ ಹಾರ್ನಿಬ್ಲೋ ಎಂಬಾತನ ಛತ್ರದಲ್ಲಿ ಉಳಿದಿರಿ. ನಿಮಗೆ 55, ಹೆಂಡತಿ ಹ್ಯಾನಾಗೆ ಇಪ್ಪತ್ತನಾಲ್ಕೋ ಇಪ್ಪತ್ತೈದೋ. ಮದುವೆಯಾಗಿ ಐದು ವರ್ಷ. ಮಲೇರಿಯಾ ಬಂತು, ಮೇಲೆ ಲಕ್ವ ಹೊಡೆಯಿತು. ಜ್ವರದ ಕನವರಿಕೆಯಲ್ಲೂ ವಾರಂಟು, ಬಾಕಿ, ದಿವಾಳಿ ಎಂದೇ ಬಡಬಡಿಸುತ್ತಿದ್ದಿರಂತೆ. ಆಗಸ್ಟ್ 21, 1798ರಂದು ಕಣ್ಣು ಮುಚ್ಚಿದಿರಿ. ರಾಜೀನಾಮೆ ಕೊಟ್ಟಿರಲಿಲ್ಲ. ದಿವಾಳಿಯ ಕಾನೂನು ಮಾಡುವ ಅಧಿಕಾರವನ್ನು ನಿಮ್ಮ ಸಭೆಯೇ ಕಾಂಗ್ರೆಸ್ಸಿಗೆ ಕೊಟ್ಟಿತ್ತು. ಕಾಂಗ್ರೆಸ್ಸು ಆ ಕಾಯಿದೆ ಮಾಡಿದ್ದು 1800ರಲ್ಲಿ. ನಿಮ್ಮ ಗೆಳೆಯ ಮಾರಿಸ್ ಮೂರೂವರೆ ವರ್ಷ ಜೈಲಿನಲ್ಲಿ ಕಾದು ಅದರ ದಯದಿಂದ ಹೊರಬಂದರು.

ಆ ಛತ್ರದ ಒಡೆಯನ ಮನೆಯಲ್ಲಿ ಮಾಲಿ ಎಂಬ ಗುಲಾಮ ಹೆಂಗಸಿದ್ದಳು. ಅವಳ ಮೊಮ್ಮಗಳು ಹ್ಯಾರಿಯೆಟ್ ಜೇಕಬ್ಸ್ ಅದೇ ಈಡೆಂಟನ್ನಿನಲ್ಲಿ ಅಟ್ಟದ ಇಕ್ಕಟ್ಟಿನೊಳಗೆ ಏಳು ವರ್ಷದ ಹತ್ತಿರ ಅಡಗಿದ್ದು, ಆಮೇಲೆ ಉತ್ತರಕ್ಕೆ ತಪ್ಪಿಸಿಕೊಂಡು, 1861ರಲ್ಲಿ ತನ್ನ ಕಥೆಯನ್ನು ತಾನೇ ಬರೆದು ಅಚ್ಚು ಹಾಕಿಸಿದಳು. ಐದರಲ್ಲಿ ಮೂರು ಪಾಲು ಎಂದು ನೀವು ಲೆಕ್ಕ ಹಿಡಿದವರ ಪೈಕಿ ಒಬ್ಬಳು, ನೀವು ಅಡಗಿದ್ದ ಊರಿನಲ್ಲೇ. ಓದಲು ಸಿಕ್ಕರೆ ಓದಿ.

ಲಕ್ಷಾಂತರ ಎಕರೆಗೆ ಕಾಗದ ಮಾಡಿಸಿಕೊಂಡಿದ್ದ ನಿಮಗೆ ಆರಡಿ ಜಾಗ ಸಿಕ್ಕಿದ್ದು ಬೇರೆಯವರ ಹೊಲದಲ್ಲಿ. ಸಹೋದ್ಯೋಗಿ ನ್ಯಾಯಮೂರ್ತಿ ಐರಡೆಲ್ ಅವರ ಭಾವಮೈದುನ ಜಾನ್‌ಸ್ಟನ್‌ರ ಮನೆತನದ ಸ್ಮಶಾನದಲ್ಲಿ ಮಣ್ಣು ಮಾಡಿದರು. ಅಲ್ಲೇ ನೂರೆಂಟು ವರ್ಷ. 1906ರ ಅಕ್ಟೋಬರ್ 4ರಂದು, ಫೋರ್ಟ್ ವಿಲ್ಸನ್ ಗಲಾಟೆಯ ತಾರೀಖಿಗೇ ಸರಿಯಾಗಿ, ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಹ್ಯಾರಿಸ್‌ಬರ್ಗಿನಲ್ಲಿ ನಿಮ್ಮ ಹೆಸರೆತ್ತಿ ಹೊಗಳಿದರು. ನವೆಂಬರಿನಲ್ಲಿ ನಿಮ್ಮ ಅಸ್ಥಿಯನ್ನು ಡಬ್ಯೂಕ್ ಎಂಬ ಯುದ್ಧನೌಕೆಯಲ್ಲಿ ಫಿಲಡೆಲ್ಫಿಯಾಕ್ಕೆ ತಂದರು, ಎರಡು ಸಹಿ ಹಾಕಿದ ಅದೇ ಕಟ್ಟಡದಲ್ಲಿ ದರ್ಶನಕ್ಕಿಟ್ಟರು, ಮುಖ್ಯ ನ್ಯಾಯಮೂರ್ತಿ ಫುಲ್ಲರ್ ತಮ್ಮ ಜೊತೆಯವರೊಂದಿಗೆ ಬಂದು ನಿಂತರು, ಮೊದಲ ಹೆಂಡತಿ ರೇಚಲ್ ಮಗ್ಗುಲಲ್ಲಿ ಮಲಗಿಸಿದರು. ಮೆರವಣಿಗೆ ಸಾಗಿದ ಬೀದಿಗಳಲ್ಲಿ ನಿಮ್ಮನ್ನು ತಡೆದು ನಿಲ್ಲಿಸುವವರು ಒಬ್ಬರೂ ಇರಲಿಲ್ಲ. ನೀವು ಬದುಕಿದ್ದಾಗ ಆ ಊರಿಗೆ ಮರಳಲು ಬೇಕಾಗಿದ್ದದ್ದು ಅಷ್ಟೇ.

ಇಂತಿ ತಮ್ಮ ವಿಧೇಯ,
ವಸೂಲಿ ದಾವೆಗಳ ಒಬ್ಬ ವಕೀಲ

ತಾ.ಕ.: ನಿಮ್ಮ ಕಾಗದಪತ್ರಗಳಲ್ಲಿ ನಿಮ್ಮ ಹೆಸರಿಗೆ ಬರೆದುಕೊಟ್ಟ ಒಂದು ಪ್ರಾಮಿಸರಿ ನೋಟೂ ಇತ್ತು. 1782ರಲ್ಲಿ ಜಾರ್ಜ್ ವಾಷಿಂಗ್ಟನ್ ಒಡಹುಟ್ಟಿದ ತಮ್ಮನ ಮಗ ಬುಶ್‌ರಾಡ್‌ನನ್ನು ನಿಮ್ಮ ಹತ್ತಿರ ವಕೀಲಿ ಕಲಿಯಲು ಬಿಟ್ಟು, ಗುರುದಕ್ಷಿಣೆಯಾಗಿ 100 ಗಿನಿಗೆ ಬರೆದುಕೊಟ್ಟದ್ದು. ನೀವು ತೀರಿಕೊಂಡ ಮೇಲೆ ನಿಮ್ಮ ಕುರ್ಚಿಗೆ ಬಂದು ಕೂತದ್ದು ಆ ಹುಡುಗನೇ. 31 ವರ್ಷ ಅಲ್ಲಾಡಲಿಲ್ಲ.